ಗೇಟಿನ ಮಾಣಿಕಪ್ಪನ ವಚನ

ಪಾರ್ಸಲ್ ಆಫೀಸಿನ ಸಂಸೋನಪ್ಪನವರಿಗೆ ಆ ಹೆಸರು ಇಟ್ಟವರು ಕೂಸಿನ ಮೈ ನೋಡಿ ಇಟ್ಟಿರಲಿಕ್ಕಿಲ್ಲ. ಬೈಬಲ್ಲಿನ ಸಂಸೋನ ಬರಿಗೈಲಿ ಸಿಂಹ ಸೀಳಿದವನು. ನಮ್ಮ ಸಂಸೋನಪ್ಪನವರಿಗೆ ಒಂದು ಬೆಲ್ಲದ ಪೆಂಟೆ ತಕ್ಕಡಿಗೆ ಎತ್ತಿಡಬೇಕಾದರೂ ಹಮಾಲ ಚಾಂದ್ ಬರಬೇಕು. ಆದರೆ ತಲೆಯ ವಿಷಯಕ್ಕೆ ಬಂದರೆ ಅವರು ಪೈಲ್ವಾನರೇ. ವಾಡಿಯ ರೇಲ್ವೆ ಕಾಲೋನಿಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಯಾವ ಮಾತು ಬೈಬಲ್ಲಿನಲ್ಲಿ ಎಲ್ಲಿದೆ ಎಂದು ಯಾರೂ ಪುಸ್ತಕ ತಿರುವುತ್ತಿರಲಿಲ್ಲ. ಸಂಸೋನಪ್ಪನವರನ್ನು ಕೇಳುತ್ತಿದ್ದರು.

ಕ್ರಿಸ್‌ಮಸ್ ದಿನ ಊಟವಾದ ಮೇಲೆ ಇದೇ ನಮಗೆ ಆಟ. "ಕತ್ತೆ" ಎಂದು ಯಾರಾದರೂ ಕೂಗಿದರೆ ಸಾಕು, ಕಣ್ಣು ಮುಚ್ಚಿ ಕತ್ತೆ ಬಂದ ಪುಸ್ತಕ, ಅಧ್ಯಾಯ, ವಚನ ಎಲ್ಲವನ್ನೂ ಹೇಳಿಬಿಡುತ್ತಿದ್ದರು. "ಉಪ್ಪು" ಎಂದರೆ ಉಪ್ಪು, "ಬಾವಿ" ಎಂದರೆ ಬಾವಿ. ಟೀಚರ್ ಲಲಿತಾಬಾಯಿ ಪುಸ್ತಕ ತೆಗೆದು ತಾಳೆ ನೋಡುವರು, ತಪ್ಪು ಸಿಗುತ್ತಿರಲಿಲ್ಲ. ಮಂದಿ ಚಪ್ಪಾಳೆ ತಟ್ಟಿದರೆ ಸಂಸೋನಪ್ಪನವರು ತಲೆ ತಗ್ಗಿಸುವರು, ಆದರೆ ಮೀಸೆ ಮಾತ್ರ ತಗ್ಗುತ್ತಿರಲಿಲ್ಲ. ಪಾದ್ರಿಗಳು ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುವವರು. ಉಳಿದ ಭಾನುವಾರಗಳಲ್ಲಿ ಪೀಠದಲ್ಲಿ ನಿಂತು ಪ್ರಸಂಗ ಮಾಡುವುದೂ, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದೂ ಸಂಸೋನಪ್ಪನವರ ಪಾಲಿಗೇ ಬಂದಿತ್ತು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಸಾಯುವವರ ಕಿವಿಗೆ ಕೊನೆಗೆ ಬಿದ್ದ ವಚನವನ್ನೇ ಅವರ ಸಮಾಧಿಯ ಕಲ್ಲಿಗೆ ಕೆತ್ತಿಸಬೇಕು, ಕೆಳಗೆ ಪುಸ್ತಕದ ಹೆಸರು, ಅಧ್ಯಾಯ ಮತ್ತು ವಚನದ ಅಂಕಿ ಇರಬೇಕು. ವರ್ಷ ತುಂಬಿದ ದಿನ ಕಲ್ಲಿನ ಮುಂದೆ ನಿಂತು, ಪುಸ್ತಕ ತೆಗೆದು, ಅದೇ ವಚನ ಓದಬೇಕು. ಅಂಕಿ ಇಲ್ಲದ ಕಲ್ಲು ನಮ್ಮ ಸ್ಮಶಾನದಲ್ಲಿ ಒಂದೂ ಇರಲಿಲ್ಲ. "ಅಂಕಿ ಇಲ್ಲದ ವಚನ ಅಂದ್ರ ವಿಳಾಸ ಇಲ್ಲದ ಪಾರ್ಸಲ್ ಇದ್ದಂಗ, ಯಾರು ಕಳಿಸ್ಯಾರಂತ ಹೆಂಗ ನಂಬೋದು?" ಎಂದು ಸಂಸೋನಪ್ಪನವರೇ ಪ್ರಸಂಗದಲ್ಲಿ ಹೇಳಿದ್ದರು. ಆಡಿದ ಮಾತು ಆಡಿದವನ ಕೊರಳಿಗೇ ಸುತ್ತಿಕೊಳ್ಳುತ್ತದೆ ಎನ್ನುವುದು ಸುಳ್ಳಲ್ಲ.

ಮಾಣಿಕಪ್ಪ ಸಾಯುವ ಹೊತ್ತಿಗೆ ಗ್ಯಾಂಗಿನ ಆಳು, ಹಳಿಯ ಕೆಳಗಿನ ಕಲ್ಲು ಗಟ್ಟಿ ಮಾಡುವ ಕೆಲಸ. ಆದರೂ ಊರೆಲ್ಲ ಅವನನ್ನು ಗೇಟಿನ ಮಾಣಿಕಪ್ಪ ಎಂದೇ ಕರೆಯುತ್ತಿತ್ತು. ಅದು ಪ್ರೀತಿಯ ಹೆಸರಲ್ಲ. ಬಹಳ ವರ್ಷದ ಹಿಂದೆ ಅವನು ವಾಡಿ ಮತ್ತು ಶಹಾಬಾದ ನಡುವಿನ ಲೆವೆಲ್ ಕ್ರಾಸಿಂಗಿನ ಗೇಟು ಕಾಯುತ್ತಿದ್ದ. ಒಂದು ಮಧ್ಯಾಹ್ನ ಗೇಟು ತೆರೆದೇ ಇತ್ತು, ಗೂಡ್ಸು ಗಾಡಿ ಬಂತು. ತೊಗರಿ ಹೇರಿಕೊಂಡು ಹೊರಟಿದ್ದ ಸೂಗಪ್ಪನೆಂಬ ರೈತನ ಬಂಡಿ ಹಳಿಯ ಮೇಲಿತ್ತು. ಎತ್ತು ಎರಡೂ ಸತ್ತವು, ಸೂಗಪ್ಪನ ಕಾಲು ಹೋಯಿತು. ವಿಚಾರಣೆಗೆ ಬಂದ ಸಾಹೇಬರ ಮುಂದೆ ಮಾಣಿಕಪ್ಪ, "ನಿದ್ದಿ ಹತ್ತಿತ್ರಿ" ಎಂದಷ್ಟೇ ಹೇಳಿದ. ಆಮೇಲೆ ಬದುಕಿರುವ ತನಕ ಆ ವಿಷಯಕ್ಕೆ ಇನ್ನೊಂದು ಮಾತು ಸೇರಿಸಲಿಲ್ಲ.

ಎದೆಯ ಬೇನೆ, ಜ್ವರದಿಂದ ಅವನು ನೆಲ ಹಿಡಿದಾಗ ಹೆಂಡತಿ ಸುಂದರಬಾಯಿ ಸಂಸೋನಪ್ಪನವರಿಗೆ ಹೇಳಿಕಳಿಸಿದಳು. ಅವರು ಡ್ಯೂಟಿ ಮುಗಿಸಿ ಆಫೀಸಿನಿಂದ ನೇರವಾಗಿ ಬಂದರು. ಕನ್ನಡಕ ತಕ್ಕಡಿಯ ಪಕ್ಕದಲ್ಲೇ ಉಳಿದಿತ್ತು. ಅದಕ್ಕೇನು, ಪುಸ್ತಕ ನೋಡಿ ಹೇಳುವವರು ಬೇರೆ, ಅವರು ಬೇರೆ. ಸುಂದರಬಾಯಿ ಹಾಲು ಬಿಸಿ ಮಾಡಲು ಒಳಗೆ ಹೋಗಿದ್ದಳು. ಮಾಣಿಕಪ್ಪ ಸಂಸೋನಪ್ಪನವರ ಅಂಗಿಯ ತೋಳು ಹಿಡಿದುಕೊಂಡು ಕೇಳಿದ.

"ಬಾಬೂರ, ನಿದ್ದಿ ಮಾಡಿದವ್ನಿಗಿ ಅದರಾಗ ಏನರೆ ಬರದದ ಏನ್ರಿ?"

ಸಂಸೋನಪ್ಪನವರು ಕಣ್ಣು ಮುಚ್ಚಿದರು. ನಿದ್ದೆ ಎಂಬ ಮಾತು ಬಂದಲ್ಲೆಲ್ಲ ತಲೆಯೊಳಗೆ ಬೆರಳಾಡಿಸಿದರು. ಕಾಯಬೇಕಾದ ಹೊತ್ತಿನಲ್ಲಿ ಮಲಗಿದವನಿಗೆ ಸಿಕ್ಕವೆಲ್ಲ ಬೈಗುಳವೇ. ದೀಪ ಹಿಡಿದು ತೂಕಡಿಸಿದ ಹುಡುಗಿಯರು ಬಾಗಿಲ ಹೊರಗೆ ಉಳಿದರು. ತೋಟದಲ್ಲಿ ಮಲಗಿದ ಶಿಷ್ಯರು ಗುರುವಿನ ಕೈಲಿ ಬೈಸಿಕೊಂಡರು. ಪ್ರಸಂಗ ಕೇಳುತ್ತ ಜೋಂಪಿಸಿದ ಒಬ್ಬ ಪ್ರಾಯದವನು ಕಿಟಕಿಯಿಂದಲೇ ಕೆಳಗೆ ಬಿದ್ದ. ನಿದ್ದೆ ಮಾಡದ ದೇವರ ಮಾತು ಇದ್ದೇ ಇತ್ತು, ಆದರೆ ಗೇಟಿನ ಮುಂದೆ ನಿದ್ದೆ ಹೋದವನಿಗೆ ಅದು ಇನ್ನೊಂದು ಬೈಗುಳದ ಹಾಗೆ ಕೇಳದೆ ಇರುತ್ತದೆಯೇ? ಅವರು ಹುಡುಕುತ್ತಲೇ ಇದ್ದರು. ಇತ್ತ ಮಾಣಿಕಪ್ಪ ಏನೋ ಗುನುಗುತ್ತಿದ್ದ. "ನೀ ಮಲಕೋ, ಗೇಟ ನಾ ಕಾಯ್ತೀನಿ... ಅಂದ್ಲು..." ಜ್ವರದ ಬಡಬಡಿಕೆ ಎಂದುಕೊಂಡರು ಸಂಸೋನಪ್ಪನವರು. ಬೇರೇನೂ ಸಿಗದಿದ್ದಾಗ ಆ ಬಡಬಡಿಕೆಯನ್ನೇ ಹಿಡಿದು, ಅದಕ್ಕೆ ಪುಸ್ತಕದ ಕನ್ನಡದ ಅಂಗಿ ತೊಡಿಸಿ, ಗಂಭೀರ ದನಿಯಲ್ಲಿ ಹೇಳಿಬಿಟ್ಟರು.

"ನೀನು ಮಲಗು, ಬಾಗಿಲನ್ನು ನಾನು ಕಾಯುತ್ತೇನೆ ಎಂದು ಕರ್ತನು ಹೇಳುತ್ತಾನೆ."

ಬಾಗಿಲಲ್ಲಿ ಸದ್ದಾಯಿತು. ಸುಂದರಬಾಯಿಯ ಕೈಯಿಂದ ಹಾಲಿನ ಬಟ್ಟಲು ಬಿದ್ದಿತ್ತು.

"ಹಂಗಂತ ಅದ ಏನ್ರಿ, ಖರೆ?" ಎಂದ ಮಾಣಿಕಪ್ಪ.

"ಅದ. ಕೀರ್ತನೆದಾಗ ಅದ."

ಮಾಣಿಕಪ್ಪ ತೋಳು ಬಿಟ್ಟ, ಗೋಡೆಯ ಕಡೆ ಹೊರಳಿ ಮಲಗಿದ. ಆ ಸಂಜೆಯೇ ಹೋದ. ಇಷ್ಟು ನೆಮ್ಮದಿಯ ಸಾವು ನೋಡಿಲ್ಲ ಎಂದು ಬಂದವರೆಲ್ಲ ಅಂದರು. ಸಂಸೋನಪ್ಪನವರಿಗೂ ಹಾಗೇ ಅನ್ನಿಸಿತು. ಸಾಯುವವನಿಗೆ ಒಂದು ಹಿಡಿ ಸಮಾಧಾನ ಕೊಟ್ಟೆ, ಅದರಲ್ಲೇನು ತಪ್ಪು ಎಂದುಕೊಂಡು ಮನೆಗೆ ಹೋಗಿ ಊಟ ಮಾಡಿದರು.

ತಪ್ಪು ತಿಂಗಳು ಕಳೆದ ಮೇಲೆ ಬಂದು ಬಾಗಿಲು ಬಡಿಯಿತು. ಸುಂದರಬಾಯಿ ಈಗ ಸಿಮೆಂಟ್ ಫ್ಯಾಕ್ಟರಿಯ ಕ್ವಾರ್ಟರ್ಸಿನ ಹತ್ತಿರ ತಂಗಿಯ ಮನೆಯಲ್ಲಿದ್ದಳು. ಮದುವೆಯಾಗದ ಕಾರ್ಮಿಕರಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು. ಶಹಾಬಾದದಲ್ಲಿ ಕಲ್ಲು ಕೆತ್ತುವ ಮಜೀದಸಾಬನಿಗೆ ಕಲ್ಲು ಹೇಳಿ ಬಂದಿದ್ದಳು.

"ಅಣ್ಣಾರ, ಆ ವಚನ ಬರ್ದು ಕೊಡ್ರಿ. ಅಂಕಿನೂ ಹಾಕ್ರಿ."

ಸಂಸೋನಪ್ಪನವರು ವಚನ ಬರೆದುಕೊಟ್ಟರು. ಅಂಕಿ ಬರೆಯಲು ಕೈ ಬರಲಿಲ್ಲ. "ಯಾಕೋ ನೆನಪಾಗವಲ್ದು ತಂಗಿ, ಮುಂದ ಹೇಳ್ತೀನಿ" ಎಂದರು.

ಅದನ್ನು ಯಾರು ನಂಬುತ್ತಾರೆ? ಕತ್ತೆಗಳ ಲೆಕ್ಕ ಹೇಳಿದವರಿಗೆ ಈ ಒಂದು ವಚನ ನೆನಪಾಗುವುದಿಲ್ಲವೇ? ಸುಂದರಬಾಯಿ ಮಾತ್ರ ನಂಬಿದಳು. ಬಾಬು ಅಣ್ಣನಿಗೆ ವಯಸ್ಸಾಯಿತು ಎಂದು ಮರುಗಿದಳು. ಬೈಬಲ್ಲಿನ ಕೀರ್ತನೆಗಳನ್ನೆಲ್ಲ ಲಲಿತಾಬಾಯಿ ಟೀಚರಿಂದ ಓದಿಸಿ ಕೇಳಿದಳು, ಸಿಗಲಿಲ್ಲ. ಬೇರೆ ಪುಸ್ತಕದಲ್ಲಿರಬೇಕು ಎಂದು ತೀರ್ಮಾನ ಮಾಡಿ, ಒಂದು ಭಾನುವಾರ ಪ್ರಾರ್ಥನೆ ಮುಗಿಯುತ್ತಲೇ ಎದ್ದು ನಿಂತಳು. ಸಭೆಯಲ್ಲಿ ಬಾಯಿ ತೆರೆಯದ ಹೆಣ್ಣುಮಗಳು ಅವಳು.

"ನಂಗ ಓದ್ಲಿಕ್ಕ ಬರಂಗಿಲ್ಲ. ನೀವೆಲ್ಲ ಓದಿದವ್ರು ಇದ್ದೀರಿ. ಒಂದೊಂದು ಮನಿಯವ್ರು ಒಂದೊಂದು ಪುಸ್ತಕ ಹಂಚ್ಕೊಂಡು ಹುಡುಕಿದ್ರ ನನ್ನ ಮನಿಯವ್ರ ವಚನ ಸಿಗಂಗಿಲ್ಲೇನ್ರಿ? ಅಣ್ಣಾರೊಬ್ರ ಮ್ಯಾಲ ಎಷ್ಟಂತ ಹೊರಿ ಹಾಕೋದು?"

ಎಲ್ಲರಿಗೂ ಹುರುಪು ಬಂತು. ಹಂಚುವ ಕೆಲಸ ಸಂಸೋನಪ್ಪನವರದೇ ಆಯಿತು, ಬೇರೆ ಯಾರಿಗೆ ಅದು ಗೊತ್ತು? ಇಲ್ಲದ ವಚನ ಹುಡುಕಲು ಅವರೇ ನಿಂತು ಪುಸ್ತಕ ಹಂಚಿದರು. ಆದಿಕಾಂಡ ಗಾರ್ಡಿನ ಮನೆಗೆ, ಪ್ರವಾದಿಗಳು ಲಲಿತಾಬಾಯಿಗೆ, ಪೌಲನ ಪತ್ರಗಳು ಆಸ್ಪತ್ರೆಯ ಕಂಪೌಂಡರಿಗೆ. ಯಾಜಕಕಾಂಡ ಫಾಯರ್‌ಮನ್ ಸಂಜೀವಪ್ಪನ ಹೆಂಡತಿ ಗ್ರೇಸಮ್ಮನಿಗೆ ಬಂತು.

ಆ ಮಳೆಗಾಲದಲ್ಲಿ ನಮ್ಮ ಕಾಲೋನಿಯಲ್ಲಿ ನಡೆದಷ್ಟು ಓದು ಹಿಂದೆಂದೂ ನಡೆದಿಲ್ಲ. ಇಂಜಿನ್ನಿನ ಹೊಗೆ, ಸಿಮೆಂಟಿನ ಧೂಳು, ನಡುವೆ ಜಗಲಿಗೊಬ್ಬರಂತೆ ಕೂತು ಬೆರಳಿಟ್ಟು ಓದುವವರು. "ಬರೇ ಕುರಿ ಆಡು ಕಡಿಯೋದೇ ಅದರಿ ಇದರಾಗ, ಮಲಗೋ ಮಾತೇ ಇಲ್ಲ" ಎಂದು ಗ್ರೇಸಮ್ಮ ಗೊಣಗಿದಳು. ಗಾರ್ಡು ಸಾಹೇಬರು ಹೆಂಡತಿಗೆ ಹೇಳಲು ಅನುಕೂಲವಾದ ಮಾತು ನಾಲ್ಕಾರು ಹುಡುಕಿಕೊಂಡರು. ಹೆಂಡತಿ ಅದಕ್ಕಿಂತ ಹೆಚ್ಚು ಹುಡುಕಿಕೊಂಡಳು. ಬಾಗಿಲು ಸಿಕ್ಕಿತೆಂದು ಒಬ್ಬರು ಓಡಿ ಬರುವರು, ಕಾಯುವವನು ಸಿಕ್ಕಿದನೆಂದು ಇನ್ನೊಬ್ಬರು. ಬಾಗಿಲಿದ್ದಲ್ಲಿ ನಿದ್ದೆ ಇರುತ್ತಿರಲಿಲ್ಲ, ನಿದ್ದೆ ಇದ್ದಲ್ಲಿ ಬೈಗುಳ ಇರುತ್ತಿತ್ತು. ಪ್ರತಿ ಸಲವೂ ಸಂಸೋನಪ್ಪನವರು ಕನ್ನಡಕ ಏರಿಸಿ ನೋಡಿ, "ಇದಲ್ಲ" ಎನ್ನಬೇಕು. ಹಾಗೆ ಅಂದಾಗ ಅವರ ಮುಖ ಒಣಗಿದ ರೊಟ್ಟಿಯಾಗುತ್ತಿತ್ತು.

ಇದರ ಮೇಲೆ ಇನ್ನೊಂದು. ತಿಂಗಳಿಗೊಮ್ಮೆ ಬರುವ ಪಾದ್ರಿಗಳು ಈ ಓದು ನೋಡಿ ದಂಗಾದರು. ಪ್ರಸಂಗಪೀಠದಲ್ಲಿ ನಿಂತು, "ಒಬ್ಬ ಸಂಸೋನಪ್ಪನವರಿಂದ ಇಡೀ ವಾಡಿ ಸಭೆ ಎಚ್ಚೆತ್ತಿದೆ" ಎಂದು ಹೊಗಳಿದರು. ಸಂಸೋನಪ್ಪನವರು ಅವತ್ತು ಅಳುತ್ತಿದ್ದುದನ್ನು ನಾವೆಲ್ಲ ನೋಡಿದೆವು. ಭಕ್ತಿಯಿಂದ ಎಂದುಕೊಂಡೆವು.

ಅವರೂ ಹುಡುಕುತ್ತಿದ್ದರು, ಅದು ವಿಚಿತ್ರ. ಇಲ್ಲವೆಂದು ಗೊತ್ತಿದ್ದವರೇ ಎಲ್ಲರಿಗಿಂತ ಹೆಚ್ಚು ಹುಡುಕಿದರು. ಎಲ್ಲಿಯಾದರೂ ಒಂದು ಮೂಲೆಯಲ್ಲಿ ಅದು ಇದ್ದುಬಿಟ್ಟರೆ, ತಾನು ಸುಳ್ಳು ಹೇಳಿದ್ದಲ್ಲ, ಮರೆತಿದ್ದೆ ಅಷ್ಟೇ ಎಂದಾಗುತ್ತದಲ್ಲ. ಪಾರ್ಸಲ್ ರಸೀದಿಯ ಮೇಲೆ ಊರಿನ ಹೆಸರು ಬರೆಯುವ ಜಾಗದಲ್ಲಿ "ಬಾಗಿಲು" ಎಂದು ಬರೆದು ಒಮ್ಮೆ ಮೇಲಧಿಕಾರಿಯಿಂದ ಬೈಸಿಕೊಂಡರು. ಹೇಳಿಬಿಡಬೇಕೆಂದು ಸುಂದರಬಾಯಿಯ ಮನೆಯ ತನಕ ಹೋದರು. ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವುತ್ತ, "ಸಿಕ್ತೇನ್ರಿ ಅಣ್ಣಾರ?" ಎಂದು ಕೇಳಿದಳು. ಆ ಕಣ್ಣು ನೋಡಿ, "ಹುಡುಕ್ಲಿಕತ್ತೀವಿ ತಂಗಿ" ಎಂದು ಬಿಸಿ ರೊಟ್ಟಿ ತಿಂದು ಬಂದರು.

ವರ್ಷ ತುಂಬುವ ದಿನ ಹತ್ತಿರ ಬಂತು. ಮಜೀದಸಾಬ ಹೆಸರು, ವಚನ ಎರಡನ್ನೂ ಕೆತ್ತಿ, ಅಂಕಿಗೆ ಜಾಗ ಬಿಟ್ಟು ಕಾಯುತ್ತಿದ್ದ. ಸುಂದರಬಾಯಿಗೆ ಯಾರೋ ಹೇಳಿದರು, ಶಹಾಬಾದದಲ್ಲಿರುವ ನಿವೃತ್ತ ಪಾದ್ರಿ ದೊಡ್ಡ ಅಯ್ಯನವರ ಹತ್ತಿರ ಒಂದು ಭಾರಿ ಪುಸ್ತಕವಿದೆ. ಬೈಬಲ್ಲಿನ ಒಂದೊಂದು ಶಬ್ದವನ್ನೂ ಬಿಡಿಸಿ, ಅದು ಎಲ್ಲೆಲ್ಲಿ ಬಂದಿದೆ ಎಂದು ಅಕ್ಷರದ ಕ್ರಮದಲ್ಲಿ ಬರೆದಿಟ್ಟ ಶಬ್ದಸೂಚಿ ಅದು. ಇಂಗ್ಲಿಷಿನಲ್ಲಿದೆ, ಆದರೆ ಅದರ ಕಣ್ಣು ತಪ್ಪಿಸಿ ಒಂದು ಶಬ್ದವೂ ಹೋಗುವುದಿಲ್ಲ. "ನಡೀರಿ ಅಣ್ಣಾರ, ಹಂಗೇ ಮಜೀದಸಾಬಗ ಅಂಕಿ ಹೇಳಿ ಬರೋಣ" ಎಂದು ಅವಳು ಹೊರಟುನಿಂತಳು.

ಸಂಸೋನಪ್ಪನವರು ಬೆಳಿಗ್ಗೆ ಮನೆ ಬಿಡುವಾಗಲೇ ಒಂದು ನಿರ್ಧಾರ ಮಾಡಿದ್ದರು. ನಿದ್ದೆ ಮಾಡದೆ ಕಾಯುವ ದೇವರ ಕೀರ್ತನೆ ಇದೆಯಲ್ಲ, ಅದರ ಅಂಕಿಯನ್ನೇ ಕೊಟ್ಟುಬಿಡುವುದು. ಹತ್ತಿರದ ಮಾತು. ವರ್ಷದ ದಿನ ಪುಸ್ತಕ ತೆಗೆದು ಓದುವವರು ತಾವೇ ತಾನೇ? ಕಲ್ಲಿನ ಮೇಲಿರುವುದನ್ನೇ ಓದಿದ ಹಾಗೆ ಮಾಡಿದರಾಯಿತು. ಒಂದು ಸುಳ್ಳಿನ ಹರಕು ಮುಚ್ಚಲು ಇನ್ನೊಂದು ಸುಳ್ಳಿನ ತೇಪೆ.

ಪ್ಯಾಸೆಂಜರ್ ಗಾಡಿ ವಾಡಿ ಬಿಟ್ಟು ಸ್ವಲ್ಪ ದೂರ ಹೋದಾಗ ಕಿಟಕಿಯ ಹೊರಗೆ ಆ ಗೇಟು ಬಂತು. ಪಕ್ಕದಲ್ಲಿ ಒಂದು ಸಣ್ಣ ಮನೆ, ಬೇವಿನ ಗಿಡ, ಹಸಿರು ಬಾವುಟ ಹಿಡಿದು ನಿಂತ ಯಾರೋ ಹೊಸ ಗೇಟ್‌ಮನ್. ಸುಂದರಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಗೇಟು ಹಿಂದೆ ಸರಿದ ಮೇಲೆ ಮಾತಾಡಿದಳು.

"ಅಣ್ಣಾರ, ಯಾರಿಗೂ ಹೇಳಿಲ್ಲ, ನಿಮಗ ಹೇಳ್ತೀನಿ. ಆ ದಿನ ಅವ್ರದು ತಪ್ಪು ಅಲ್ಲರಿ. ಬದಲಿ ಆಳು ಬಂದಿದ್ದಿಲ್ಲ, ರಾತ್ರಿನೂ ಅವ್ರೇ, ಹಗಲೂ ಅವ್ರೇ. ಕಣ್ಣ ಕೆಂಡ ಆಗಿದ್ವು. ನಾನೇ ಅಂದೆ, ನೀ ಮಲಕೋ, ಗೇಟ ನಾ ಕಾಯ್ತೀನಿ ಅಂತ. ಬ್ಯಾಡ ಅಂದ್ರು, ನಾನೇ ಜುಲ್ಮಿ ಮಾಡಿ ಮಲಗಿಸ್ದೆ."

ಸಂಸೋನಪ್ಪನವರ ಕಿವಿಯಲ್ಲಿ ಜ್ವರದ ಬಡಬಡಿಕೆ ಒಂದು ಸ್ಪಷ್ಟವಾಗಿ ಕೇಳತೊಡಗಿತ್ತು. ಅಂದ್ಲು, ಅಂದಿದ್ದ ಮಾಣಿಕಪ್ಪ.

"ಒಲಿ ಮ್ಯಾಲ ಬ್ಯಾಳಿ ಇಟ್ಟಿದ್ದೆ. ಉಕ್ಕಿದ ವಾಸನಿ ಬಂತು. ಗಡಗಿ ಇಳಿಸಿ ಬರೋಣಂತ ಒಳಗ ಹೋದೆ. ಗಡಗಿ ಇಳಿಸ್ಲಿಕ್ಕ ಎಷ್ಟೊತ್ತು ಬೇಕ್ರಿ? ಅಷ್ಟರಾಗೇ ಎಲ್ಲ ಮುಗೀತು. ಸಾಹೇಬ್ರ ಮುಂದ ಇವ್ರು ನನ್ನ ಹೆಸ್ರು ತೆಗೀಲಿಲ್ಲ. ಮನ್ಯಾಗೂ ಒಂದಿನ ಅನ್ಲಿಲ್ಲ. ಬೈದಿದ್ರ ಅತ್ತು ಹಗುರ ಆಗ್ತಿದ್ದೆ, ಬೈಲೂ ಇಲ್ಲ. ಸೂಗಪ್ಪ ಬಡಿಗಿ ಊರ್ಕೊಂಡು ಸಂತಿಗಿ ಬರೋದು ನೋಡಿದಾಗೆಲ್ಲ ನನ್ನ ಜೀವ ಹೋಗ್ತಿತ್ತು."

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಮುಖದಲ್ಲಿ ಏನೋ ಬೆಳಕು ಬಂತು.

"ಅವತ್ತು ನಾ ಹಾಲು ತಂದಾಗ ನೀವು ಅದೇ ಮಾತು ಹೇಳ್ಲಿಕತ್ತಿದ್ರಿ. ನನ್ನ ಮಾತೇ! ದೇವರೂ ಅದೇ ಮಾತು ಅಂದಾನ, ಪುಸ್ತಕದಾಗ ಬರದದ. ಹಂಗಾದ್ರ ನಾ ಬಿಟ್ಟು ಹೋದ ಗೇಟ ಆತ ತನ್ನ ಕೈಯಾಗ ತೊಗೊಂಡಾನ. ಆತ ನನ್ನ ತಪ್ಪು ಹೊತ್ಕೊಂಡಾನ. ಅದಕ್ಕೇ ನಂಗ ಅಂಕಿ ಬೇಕ್ರಿ ಅಣ್ಣಾರ. ಎಲ್ಲಿ ಅದ ಅಂತ ಗೊತ್ತಾದ್ರ ಬೆರಳಿಟ್ಟು ಮುಟ್ಟಿ ನೋಡ್ತೀನಿ."

ಇದಕ್ಕಿಂತ ಗಾಡಿಯಿಂದ ಹಾರುವುದು ಸುಲಭವಿತ್ತು. ಇಷ್ಟು ದಿನ ಸಂಸೋನಪ್ಪನವರು ತಾನು ಸತ್ತವನಿಗೆ ಸುಳ್ಳು ಹೇಳಿದೆ ಎಂದು ಕೊರಗುತ್ತಿದ್ದರು. ಸತ್ತವನು ಹೋದ, ಬದುಕಿದ್ದವಳು ಆ ಸುಳ್ಳಿನ ಮೇಲೆ ಮನೆ ಕಟ್ಟಿಕೊಂಡಿದ್ದಳು. ಹೇಳಿದರೆ ಆ ಮನೆ ಬೀಳುತ್ತದೆ, ಅವಳ ತಪ್ಪು ಅವಳ ತಲೆಯ ಮೇಲೆಯೇ ಮರಳಿ ಕೂರುತ್ತದೆ. ಹೇಳದಿದ್ದರೆ ಅವಳು ಸುಳ್ಳು ಅಂಕಿಯ ಮೇಲೆ ಬೆರಳಿಟ್ಟು ಸಾಯುವ ತನಕ ಮುಟ್ಟುತ್ತಾಳೆ.

ದೊಡ್ಡ ಅಯ್ಯನವರು ತುಂಬಾ ವಯಸ್ಸಾದವರು, ಮಾತು ಕಡಿಮೆ. ಪುಸ್ತಕವನ್ನು ಮೇಜಿನ ಮೇಲಿಟ್ಟು, "ಶಬ್ದ ಹೇಳ್ರಿ" ಎಂದರು. ಸುಂದರಬಾಯಿಯೇ ಹೇಳಿದಳು: ಮಲಗು. ಅವರ ಬೆರಳು ಸಣ್ಣ ಅಕ್ಷರದ ಸಾಲುಗಳ ಮೇಲೆ ಇಳಿಯಿತು, ಹಾಳೆ ತಿರುಗಿತು, ಮತ್ತೆ ಇಳಿಯಿತು. ಬಾಗಿಲು. ಕಾಯುವುದು. ಹೊರಗೆ ಕಲ್ಲು ಹೇರಿದ ಲಾರಿಗಳು ಹೋಗುತ್ತಿದ್ದವು. ಅವಳು ಆ ಬೆರಳನ್ನೇ ನೋಡುತ್ತಿದ್ದಳು. ಸಂಸೋನಪ್ಪನವರು ಅವಳನ್ನು ನೋಡುತ್ತಿದ್ದರು.

"ಹಂಗ ಮೂರೂ ಕೂಡಿದ್ದು ಎಲ್ಲೂ ಇಲ್ಲವ್ವ" ಎಂದರು ದೊಡ್ಡ ಅಯ್ಯನವರು. "ಯಾರು ಹೇಳಿದ್ದು ನಿನಗ?"

"ಇವ್ರೇ ರಿ, ನಮ್ಮ ಅಣ್ಣಾರು."

ದೊಡ್ಡ ಅಯ್ಯನವರು ಕನ್ನಡಕದ ಮೇಲಿನಿಂದ ಸಂಸೋನಪ್ಪನವರನ್ನು ನೋಡಿದರು. ಬೈಯಲಿಲ್ಲ. "ನನ್ನ ಕಣ್ಣೂ ಮಂದ ಆಗ್ಯಾವ" ಎಂದು ಪುಸ್ತಕ ಮುಚ್ಚಿದರು. "ಸಂಸೋನಪ್ಪ, ನೀವೇ ನೆನಪು ಮಾಡ್ಕೊಂಡು ಹೇಳ್ರಿ."

ಅಲ್ಲಿಂದ ಮಜೀದಸಾಬನ ಅಂಗಳ ದೂರವಿಲ್ಲ. ಸುಂದರಬಾಯಿಯ ನಡಿಗೆ ಮಾತ್ರ ನಿಧಾನವಾಗಿತ್ತು. ಮಜೀದಸಾಬ ಫರ್ಸಿ ಚಪ್ಪಡಿಗಳ ರಾಶಿಯ ನಡುವೆ ಕೂತು ಉಳಿ ಮಸೆಯುತ್ತಿದ್ದ. ಮಾಣಿಕಪ್ಪನ ಕಲ್ಲು ಗೋಡೆಗೆ ಒರಗಿತ್ತು. ಮಜೀದಸಾಬನಿಗೆ ಕನ್ನಡ ಓದಲು ಬಾರದು, ಆದರೆ ಬರೆದುಕೊಟ್ಟದ್ದನ್ನು ಕೊಂಬು ದೀರ್ಘ ತಪ್ಪದಂತೆ ಕೆತ್ತುವನು. ಅವನು ಒದ್ದೆ ಬಟ್ಟೆಯಿಂದ ಕಲ್ಲು ಒರೆಸಿದ. ಬೂದು ಕಲ್ಲು ಕಪ್ಪಾಗಿ ಅಕ್ಷರಗಳು ಎದ್ದು ಕಂಡವು. ಕೆಳಗೆ ಖಾಲಿ ಜಾಗ.

"ನಂಬರ್ ಹೇಳ್ರಿ ಬಾಬುಸಾಬ್" ಎಂದ ಅವನು. "ನೋಡಿ ಹೇಳ್ರಿ ಮತ್ತ. ಕಲ್ಲಿನ ಮ್ಯಾಲ ಒಮ್ಮಿ ಬಿತ್ತಂದ್ರ ಅಳಿಸ್ಲಿಕ್ಕ ಬರಂಗಿಲ್ಲ."

ಅಂಕಿ ನಾಲಿಗೆಯ ತುದಿಯಲ್ಲಿತ್ತು. ಬೆಳಿಗ್ಗೆಯಿಂದ ಅದನ್ನೇ ಬಾಯಿಪಾಠ ಮಾಡಿದ್ದರು. ಸುಂದರಬಾಯಿ ಅವರ ಬಾಯಿಯನ್ನೇ ನೋಡುತ್ತಿದ್ದಳು.

"ಇಲ್ಲ ತಂಗಿ" ಎಂದರು ಸಂಸೋನಪ್ಪನವರು. "ಅದು ಪುಸ್ತಕದಾಗ ಇಲ್ಲ. ನಾ ಹುಟ್ಟಿಸಿ ಹೇಳಿದ್ದು."

ಮಜೀದಸಾಬ ಉಳಿ ಕೆಳಗಿಟ್ಟ. ಸಂಸೋನಪ್ಪನವರು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಶುರು ಮಾಡಲು ಆಗುತ್ತಿರಲಿಲ್ಲ. "ನಿದ್ದಿ ಮಾಡಿದವ್ನಿಗಿ ಏನರೆ ಬರದದ ಏನು ಅಂತ ಕೇಳ್ದ. ನಂಗ ಒಂದೂ ಸಿಗಲಿಲ್ಲ. ಗೊತ್ತಿಲ್ಲ ಅನ್ಲಿಕ್ಕ ನನ್ನ ಸೊಕ್ಕು ಬಿಡಲಿಲ್ಲ. ಅವ ಬಾಯಾಗ ಏನೋ ಗುನುಗ್ಲಿಕತ್ತಿದ್ದ. ನೀ ಮಲಕೋ, ಗೇಟ ನಾ ಕಾಯ್ತೀನಿ, ಅಂದ್ಲು ಅಂತ. ಅದನ್ನೇ ತೊಗೊಂಡು ದೇವರ ಹೆಸರಿಗಿ ಹಚ್ಚಿದೆ. ಆ ಮಾತು ನಿಂದು ಅಂತ ಇವತ್ತೇ ಗೊತ್ತಾಗಿದ್ದು. ನಾ ಭಾಳ ದೊಡ್ಡ ಪಾಪ ಮಾಡೀನಿ ತಂಗಿ. ಇಡೀ ಸಭಿಗಿ ಹುಡುಕ್ಲಿಕ್ಕ ಹಚ್ಚಿ ಸುಮ್ಮನ ಕೂತೆ."

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಕಲ್ಲಿನ ಹತ್ತಿರ ಹೋಗಿ ಕುಳಿತಳು. ಓದಲು ಬಾರದ ಅಕ್ಷರಗಳ ಮೇಲೆ ಬೆರಳು ಆಡಿಸಿದಳು. "ಅಂದ್ರ ಇದು ದೇವರದಲ್ಲ" ಎಂದಳು.

"ಅಲ್ಲ."

"ನಂದೇ."

ಮಜೀದಸಾಬ ಮೆಲ್ಲಗೆ, "ಬೇರೆ ಕಲ್ಲು ತೊಗೋರಿ ಬಾಯಿ, ಇದು ಮನಿ ಮುಂದ ಹಾಸ್ಲಿಕ್ಕ ಆಗ್ತದ" ಎಂದ.

"ಬ್ಯಾಡ. ಕಾಯ್ತೀನಿ ಅಂದಾಕಿ ನಾನು, ಬಿಟ್ಟು ಹೋದಾಕಿನೂ ನಾನು. ಅವ್ರು ತಮ್ಮ ಹೆಸರಿಗಿ ಹಾಕ್ಕೊಂಡು ಹೋದ್ರು, ದೇವರ ಹೆಸರಿಗಿ ಯಾಕ ಹಾಕೋದು? ಆ ಖಾಲಿ ಜಾಗದಾಗ ನನ್ನ ಹೆಸ್ರು ಕೆತ್ತು, ಮಜೀದಣ್ಣ. ಸುಂದರಬಾಯಿ ಅಂತ."

ಮಜೀದಸಾಬ ಸಂಸೋನಪ್ಪನವರ ಕಡೆ ನೋಡಿದ. ಅವರು ಅವನ ಸೀಮೆಸುಣ್ಣ ತೆಗೆದುಕೊಂಡು ಕಲ್ಲಿನ ಮೇಲೆ ಹೆಸರು ಬರೆದುಕೊಟ್ಟರು.

ಸ್ಟೇಷನ್ನಿಗೆ ನಡೆಯುವಾಗ ಅವಳು ಮುಂದೆ, ಅವರು ಹಿಂದೆ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಒಂದು ತುದಿಗೆ ಅವಳು ಕುಳಿತಳು. ಅವರು ನಿಂತೇ ಇದ್ದರು. ಗಾಡಿಯ ಗಂಟೆ ಹೊಡೆಯಿತು.

"ಅಣ್ಣಾರ, ಒಂದು ಕೇಳ್ತೀನಿ, ಇದೊಂದು ಖರೆ ಹೇಳ್ರಿ" ಎಂದಳು. "ಅಷ್ಟು ವರ್ಷ ಆ ಮಾತು ಎತ್ತದವ್ರು ಸಾಯೋ ಮುಂದ ಎತ್ಯಾರ. ಹೆಂಗ ಅಂದ್ರು? ಸಿಟ್ಟಿಲೆ ಅಂದ್ರೋ? ಆಕಿ ಕಾಯ್ತೀನಂದು ಮೋಸ ಮಾಡಿದ್ಲು ಅನ್ನಂಗ ಇತ್ತೋ? ಇಲ್ಲಾ, ನಂಗ ಮಲಕೋ ಅಂದಾಕಿ ಆಕಿ ಒಬ್ಳೇ ಅಂತ ಪ್ರೀತಿಲೆ ಅಂದ್ರೋ? ಅವ್ರ ಮಾರಿ ಹೆಂಗಿತ್ತು?"

ಪ್ರೀತಿಲೆ ಅಂದ, ನಕ್ಕೊಂತ ಅಂದ ಎಂದರೆ ಸಾಕಿತ್ತು. ಎಷ್ಟು ಸುಲಭದ ಮಾತು. ನಿಜ ಹೇಳಿ ಕಿತ್ತುಕೊಂಡದ್ದನ್ನು ಇನ್ನೊಂದು ಸುಳ್ಳಿನಿಂದ ಪೂರ್ತಿ ಮರಳಿ ಕೊಡಬಹುದಿತ್ತು. ಅದು ನಿಜವೇ ಇದ್ದರೂ ಇರಬಹುದು. ಸಂಸೋನಪ್ಪನವರು ಕಣ್ಣು ಮುಚ್ಚಿದರು. ಆ ಕೋಣೆ ಬಂತು, ಅಂಗಿಯ ತೋಳು ಹಿಡಿದ ಕೈ ಬಂತು, ದನಿ ಬಂತು. ಮುಖ ಬರಲಿಲ್ಲ.

"ಗೊತ್ತಿಲ್ಲ ತಂಗಿ" ಎಂದರು. ಈ ಮಾತು ಅವರ ಬಾಯಿಂದ ಬಂದದ್ದನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. "ನಾ ಅವ್ನ ಮಾರಿ ನೋಡಲಿಲ್ಲ. ಕಣ್ಣ ಮುಚ್ಕೊಂಡು ವಚನ ಹುಡುಕ್ಲಿಕತ್ತಿದ್ದೆ."

ಸುಂದರಬಾಯಿ ಅವರನ್ನು ದಿಟ್ಟಿಸಿ ನೋಡಿದಳು. ಅವಳ ಮುಖದಲ್ಲಿ ಅವತ್ತು ಮೊದಲ ಸಲ ಸಿಟ್ಟು ಬಂತು.

"ಹಂಗಾದ್ರ ಹುಡುಕ್ರಿ" ಎಂದಳು. "ಊರ ಮಂದಿ ಎಲ್ಲ ಇಲ್ಲದ್ದು ಹುಡುಕಿದ್ರು. ಇದು ಇದ್ದದ್ದು. ನೀವೊಬ್ರೇ ಇದ್ರಿ ಅಲ್ಲಿ. ಹುಡುಕಿ ಹೇಳ್ರಿ ನಂಗ."

ಮುಂದಿನ ಭಾನುವಾರ ಸಂಸೋನಪ್ಪನವರು ಸಭೆಯ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಸುಂದರಬಾಯಿಯ ಗೇಟಿನ ವಿಷಯ ಬಿಟ್ಟರು. ಅದನ್ನು ಅವಳೇ ಎದ್ದು ಹೇಳಿದಳು, ಮರುದಿನ ಸೂಗಪ್ಪನ ಹಳ್ಳಿಗೂ ಹೋಗಿ ಹೇಳಿ ಬಂದಳು. ಗ್ರೇಸಮ್ಮ ಮಾತ್ರ ಬಹಳ ದಿನ ಸಂಸೋನಪ್ಪನವರೊಂದಿಗೆ ಮಾತು ಬಿಟ್ಟಳು. ಯಾಜಕಕಾಂಡ ಓದಿದ ಸಿಟ್ಟು ಅಷ್ಟು ಬೇಗ ಇಳಿಯುವುದಲ್ಲ. ವರ್ಷದ ದಿನ ಸಮಾಧಿಯ ಮುಂದೆ ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಸುಂದರಬಾಯಿ ತನ್ನ ಮಾತನ್ನು ತಾನೇ ಹೇಳಿದಳು, ನಾವು ತಲೆ ತಗ್ಗಿಸಿ ಕೇಳಿದೆವು.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂತು, ಸಂಸೋನಪ್ಪನವರು ನಿವೃತ್ತರಾದರು. ಕ್ರಿಸ್‌ಮಸ್ ದಿನ ಮಕ್ಕಳು "ಕತ್ತೆ" ಎಂದು ಕೂಗಿದರೆ, ಪುಸ್ತಕ ನೋಡಿಕೊಳ್ರಿ ಎನ್ನುತ್ತಾರೆ. ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಅವರು ಮುಚ್ಚುವುದಿಲ್ಲ, ಎದುರಿಗಿರುವವರ ಮುಖ ನೋಡುತ್ತ ಕೂರುತ್ತಾರೆ. ಭಾನುವಾರ ಸಭೆ ಬಿಟ್ಟಾಗ ಸುಂದರಬಾಯಿ ಚಪ್ಪಲಿ ಮೆಟ್ಟುತ್ತ ಒಮ್ಮೆ ತಿರುಗಿ ನೋಡಿ ಒಂದು ಮಾತು ಕೇಳುತ್ತಾಳೆ. ಹೊಸಬರು ಕೇಳಿಸಿಕೊಂಡರೆ ಮುದುಕ ಕನ್ನಡಕ ಕಳೆದುಕೊಂಡಿರಬೇಕು ಎಂದುಕೊಳ್ಳುತ್ತಾರೆ.

"ಸಿಕ್ತೇನ್ರಿ ಅಣ್ಣಾರ?"

"ಇನ್ನೂ ಇಲ್ಲ ತಂಗಿ."